ಕಿಟಕಿಯೊಳಗಿನ ಕೂಡುಕುಟುಂಬ

ಮನೆಯ ಕಿಟಕಿ ಇರುವುದು ಗಾಳಿ ಬೆಳಕಿಗಾಗಿ; ಕಚೇರಿಯ ಕಿಟಕಿ ಇರುವುದು ಸರತಿಯ ಸಾಲಿಗಾಗಿ. ಈ ಎರಡನ್ನೂ ಬಹುಕಾಲದಿಂದ ಬಲ್ಲ ನಾಡಿನ ಜನಕ್ಕೆ ಈಚಿನ ದಶಕಗಳಲ್ಲಿ ಮೂರನೆಯದೊಂದು ಕಿಟಕಿಯ ಪರಿಚಯವಾಗಿದೆ. ಅದು ಗಣಕಯಂತ್ರದ ಪರದೆಯ ಮೇಲೆ ತೆರೆದುಕೊಳ್ಳುವ ಕಿಟಕಿ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ರೈಲ್ವೆ ನಿಲ್ದಾಣದಲ್ಲಿ, ಮನೆಯ ಮಕ್ಕಳ ಮೇಜಿನ ಮೇಲೆ, ಎಲ್ಲೆಲ್ಲಿಯೂ ಅದೇ. ಅದರೊಳಗೆ ಒತ್ತುವ ಗುಂಡಿಗಳು, ಬರೆಯುವ ಪೆಟ್ಟಿಗೆಗಳು, ಉದ್ದುದ್ದನೆಯ ಪಟ್ಟಿಗಳು. ಇವೆಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿ ಇರುವಷ್ಟು ಕಾಲ ಯಾರೂ ಅವುಗಳ ಕಡೆಗೆ ಲಕ್ಷ್ಯ ಕೊಡುವುದಿಲ್ಲ. ಒಂದು ದಿನ ‘ಉಳಿಸಿ’ ಎಂಬ ಗುಂಡಿಯೇ ಕಾಣದಾಗುತ್ತದೆ. ಇಲ್ಲವೆ ಹೆಸರೊಂದು ಅರ್ಧಕ್ಕೆ ತುಂಡಾಗಿ ನಿಲ್ಲುತ್ತದೆ. ಆಗ ‘ಕಂಪ್ಯೂಟರು ಕೆಟ್ಟಿದೆ’ ಎಂದು ಹೇಳಿ ಸುಮ್ಮನಾಗುವುದು ವಾಡಿಕೆ. ಆದರೆ ಯಂತ್ರ ಗಟ್ಟಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಕಿಟಕಿಯೊಳಗಿನ ಸಂಸಾರ.

ಇದೇನು ಅಂಥ ದೊಡ್ಡ ಸಂಗತಿ ಎಂದು ಪಟ್ಟಣದ ವಾಚಕರು ಕೇಳಿಯಾರು. ಉತ್ತರ ಬೇಕಾದರೆ ಧಾರವಾಡ ಜಿಲ್ಲೆಯ ಹಳ್ಳಿಗಾಡಿನ ಕಡೆಗೆ ತಿರುಗಬೇಕು. ನವಲಗುಂದ, ಕುಂದಗೋಳ, ಕಲಘಟಗಿಗಳ ರೈತನಿಗೆ ಹೊಲದಷ್ಟೇ ಮುಖ್ಯವಾದುದು ಹೊಲದ ‘ಉತಾರ’. ಮೈಸೂರು ಸೀಮೆಯವರು ಪಹಣಿ ಎನ್ನುವ ಈ ದಾಖಲೆ ಬಹುಕಾಲ ತಲಾಠಿಯ ಕೈಬರಹದಲ್ಲಿ, ಅವನ ದಫ್ತರದಲ್ಲಿ ಇರುತ್ತಿತ್ತು. ಈ ಶತಮಾನದ ಮೊದಲ ವರ್ಷಗಳಲ್ಲಿ ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯು ಅದನ್ನು ಗಣಕಯಂತ್ರಕ್ಕೆ ಏರಿಸಿತು. 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಪರದೆಯ ಮೇಲೆ ಬಂದವು. 15 ರೂಪಾಯಿ ಶುಲ್ಕಕ್ಕೆ ಅಚ್ಚಾದ ಉತಾರ ಕೈಗೆ ಸಿಗುವಂತಾಯಿತು. ಅಣ್ಣಿಗೇರಿ ಆಗಿನ್ನೂ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ. ಅದು ನವಲಗುಂದ ತಾಲ್ಲೂಕಿನೊಳಗೇ ಇತ್ತು.

ಉತಾರದ ಬಳಿಕ ಈಗ ಸರದಿ ಬಂದಿರುವುದು ಊರೂರಿನ ಸಹಕಾರ ಸಂಘಗಳಿಗೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕಪತ್ರವನ್ನು ಗಣಕಯಂತ್ರಕ್ಕೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸರಕಾರವು 2022ರ ಜೂನ್ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ಸಹಕಾರದ ಬೀಜ ಬಿದ್ದ ಸೀಮೆ ಇದು. ಹೀಗಾಗಿ ಸಂಘದ ಖಾತೆಪುಸ್ತಕವೆಂದರೆ ಇಲ್ಲಿಯ ಜನಕ್ಕೆ ಮನೆಯ ಪುಸ್ತಕವಿದ್ದಂತೆ. ಆ ಪುಸ್ತಕ ಕಿಟಕಿಯಾಗಿ ಬದಲಾದಾಗ, ಕಿಟಕಿಯಲ್ಲಿ ಕಂಡುದೇ ಸತ್ಯವೆಂದು ಎಣಿಕೆಯಾಗುತ್ತದೆ. ಗುಮಾಸ್ತನು ಪರದೆಯನ್ನು ನೋಡಿ ಹೆಸರು ಓದುತ್ತಾನೆ. ಅದನ್ನೇ ಇನ್ನೊಂದು ಕಾಗದಕ್ಕೆ ಇಳಿಸುತ್ತಾನೆ. ಪರದೆಯಲ್ಲಿ ಒಂದಕ್ಷರ ಮರೆಯಾದರೆ ಅದು ಕಾಗದದಲ್ಲಿಯೂ ಮರೆಯಾಗುತ್ತದೆ. ಆದುದರಿಂದ, ಕಿಟಕಿಯೊಳಗಿನ ವಸ್ತುಗಳು ಏತಕ್ಕೆ ಸರಿಯುತ್ತವೆ, ಏತಕ್ಕೆ ಅಡಗುತ್ತವೆ, ಅವುಗಳನ್ನು ಸರಿಪಡಿಸುವ ಬಗೆ ಯಾವುದು ಎಂಬುದು ಯಂತ್ರಶಾಸ್ತ್ರಜ್ಞರಿಗೆ ಮಾತ್ರ ಬಿಟ್ಟುಕೊಡುವ ವಿಷಯವಲ್ಲ.

ಮೊದಲು ಸಂಸಾರದ ಪರಿಚಯವಾಗಲಿ. ಗುಂಡಿ, ಪೆಟ್ಟಿಗೆ, ಹೆಸರುಪಟ್ಟಿ ಮುಂತಾದ ಪ್ರತಿಯೊಂದು ವಸ್ತುವಿಗೂ ಕ್ರಮವಿಧಿಗಾರರು, ಎಂದರೆ ಪ್ರೋಗ್ರಾಮು ಬರೆಯುವವರು, ಕೊಟ್ಟಿರುವ ಹೆಸರು ‘ವಿಜೆಟ್’. ಈ ವಿಜೆಟ್‌ಗಳು ಒಂಟಿಯಾಗಿ ಬದುಕುವುದಿಲ್ಲ. ಪ್ರತಿಯೊಂದಕ್ಕೂ ಒಂದು ತಾಯಿ ಇರುತ್ತದೆ. ಗುಂಡಿಯ ತಾಯಿ ಒಂದು ಚೌಕಟ್ಟು. ಆ ಚೌಕಟ್ಟಿನ ತಾಯಿ ಇನ್ನೊಂದು ದೊಡ್ಡ ಚೌಕಟ್ಟು. ಎಲ್ಲಕ್ಕೂ ಹಿರಿಯಳಾದ ಅಜ್ಜಿ ಎಂದರೆ ಕಿಟಕಿಯೇ. ಇದು ಅಲಂಕಾರದ ಮಾತಲ್ಲ. ಕ್ರಮವಿಧಿಯ ಶಾಸ್ತ್ರದಲ್ಲಿಯೇ ಅವುಗಳನ್ನು ತಾಯಿ ಮಕ್ಕಳ ಸಂಬಂಧದ ಹೆಸರಿನಿಂದ ಕರೆಯುತ್ತಾರೆ. ಯಾವ ಮಗುವಿಗೆ ಎಷ್ಟು ಸ್ಥಳ ಎಂಬುದನ್ನು ತಾಯಿಯ ಪರವಾಗಿ ನಿರ್ಣಯಿಸುವ ಕಾರಭಾರಿಯೊಬ್ಬನಿದ್ದಾನೆ. ಅವನಿಗೆ ‘ಲೇಔಟ್ ಮ್ಯಾನೇಜರ್’ ಎಂದು ಹೆಸರು. ಕೂಡುಕುಟುಂಬಗಳಲ್ಲಿ ಬೆಳೆದವರಿಗೆ ಮುಂದಿನ ಕಥೆಯನ್ನು ಹೆಚ್ಚು ಬಿಡಿಸಿ ಹೇಳಬೇಕಾದುದೇ ಇಲ್ಲ.

ನಿದರ್ಶನಕ್ಕಾಗಿ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳಬಹುದು. ನವಲಗುಂದದ ಸಮೀಪದ ಹಳ್ಳಿಯವನು, ಹುಬ್ಬಳ್ಳಿಯಲ್ಲಿ ಓದುತ್ತಿರುವವನು. ರಜೆಯಲ್ಲಿ ಊರಿಗೆ ಬಂದಾಗ ಸಂಘದ ಸದಸ್ಯರ ಹೆಸರು, ಹೊಲದ ಸರ್ವೆ ನಂಬರು, ಸಾಲದ ಬಾಕಿ ಇವುಗಳನ್ನು ತೋರಿಸುವ ಸಣ್ಣದೊಂದು ಕಿಟಕಿಯನ್ನು ಬರೆಯಲು ಹೊರಟಿದ್ದಾನೆ. ಅವನು ಬಳಸಿರುವುದು ಪೈಥಾನ್ ಭಾಷೆ ಮತ್ತು ಅದರ ಜೊತೆಯಲ್ಲಿಯೇ ಬರುವ ‘ಟಿಕೆ’ ಎಂಬ ಸಲಕರಣೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದ್ದ ಜಾನ್ ಔಸ್ಟರ್‌ಹೌಟ್ ಎಂಬ ಪ್ರಾಧ್ಯಾಪಕರು 1988ರಲ್ಲಿ ಟಿಕಲ್ ಎಂಬ ಭಾಷೆಯನ್ನು ಆರಂಭಿಸಿ, 1991ರ ಹೊತ್ತಿಗೆ ಅದಕ್ಕೆ ಈ ಸಲಕರಣೆಯನ್ನು ಜೋಡಿಸಿದರು. ಮೂರು ದಶಕ ದಾಟಿದರೂ ಕಲಿಯುವವರ ಕೈಗೆ ಇಂದಿಗೂ ಮೊದಲು ಸಿಗುವ ಸಲಕರಣೆಗಳಲ್ಲಿ ಅದೂ ಒಂದು.

ತರುಣನು ತನ್ನ ಕೆಲಸವನ್ನು ಬಲು ಅಚ್ಚುಕಟ್ಟಾಗಿ ಆರಂಭಿಸುತ್ತಾನೆ. ಪರದೆಯ ಮೇಲಿನ ಅತಿ ಸಣ್ಣ ಚುಕ್ಕೆಗೆ ಪಿಕ್ಸೆಲ್ ಎಂದು ಹೆಸರು. ‘ಎಡದಿಂದ 1,100 ಪಿಕ್ಸೆಲ್, ಮೇಲಿನಿಂದ 600 ಪಿಕ್ಸೆಲ್ ದೂರದಲ್ಲಿ ಉಳಿಸುವ ಗುಂಡಿ’ ಎಂದು ಅಳತೆ ಹಿಡಿದು ಒಂದೊಂದನ್ನೂ ಕೂರಿಸುತ್ತಾನೆ. ಅವನ ಲ್ಯಾಪ್‌ಟಾಪಿನ ಪರದೆ 1,366 ಪಿಕ್ಸೆಲ್ ಅಗಲ; ಎಲ್ಲವೂ ಚಿತ್ರ ಬರೆದಂತೆ ಕಾಣುತ್ತದೆ. ಸಂಘದ ಹಳೆಯ ಮಾನಿಟರಿನ ಅಗಲವಾದರೋ 1,024. ಅಲ್ಲಿ ಉಳಿಸುವ ಗುಂಡಿ ಪರದೆಯ ಆಚೆಗೆ ಹೋಗಿ ಕುಳಿತಿರುತ್ತದೆ. ಬರೆದುದೆಲ್ಲ ಸರಿ, ಉಳಿಸಲು ಮಾತ್ರ ದಾರಿಯಿಲ್ಲ!

ತಪ್ಪು ಎಲ್ಲಿದೆ? ನವಲಗುಂದದವನಾದ ಅವನಿಗೆ ಜಮಖಾನೆಯ ಉದಾಹರಣೆಯಿಂದ ಇದನ್ನು ತಿಳಿಸಿ ಹೇಳಬಹುದು. ಆ ಊರಿನ ಹೆಣ್ಣುಮಕ್ಕಳು ಮನೆಯಲ್ಲಿಯೇ ನೆಟ್ಟ ಮಗ್ಗದ ಮೇಲೆ ನೇಯುವ, ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಜಮಖಾನೆಗೆ ಹಾಸಿನ ಎಳೆ ಬಿಗಿದ ಕೂಡಲೇ ಅಗಲ ನಿಶ್ಚಯವಾಗುತ್ತದೆ. ಇಷ್ಟನೆಯ ಎಳೆಯಿಂದ ಇಷ್ಟನೆಯ ಎಳೆಯವರೆಗೆ ನವಿಲು ಎಂದು ನೇಯುವವರು ಎಣಿಸಬಹುದು; ಎಣಿಕೆ ಕೊನೆಯವರೆಗೂ ತಪ್ಪುವುದಿಲ್ಲ. ಗಣಕಯಂತ್ರದ ಕಿಟಕಿ ಹಾಗಲ್ಲ. ಅದು ನೇಯುತ್ತಿರುವಾಗಲೇ ಹಿಗ್ಗುವ, ಕುಗ್ಗುವ ಮಗ್ಗ. ಅಂಥ ಮಗ್ಗದ ಮೇಲೆ ಎಳೆ ಎಣಿಸಿ ನವಿಲನ್ನು ಕೂರಿಸಿದರೆ ಕುಗ್ಗಿದಾಗ ಅದರ ತಲೆ ಹೋಗುತ್ತದೆ. ಅಲ್ಲಿ ಹೇಳಬೇಕಾದುದು ‘ನವಿಲು ಬಲದಂಚಿನ ಪಕ್ಕದಲ್ಲಿರಲಿ’ ಎಂದು. ಅಳತೆಯ ಬದಲು ಸಂಬಂಧವನ್ನು ಹೇಳಬೇಕು. ಅಳತೆಯನ್ನು ಕಾರಭಾರಿಗೆ ಬಿಡಬೇಕು. ಕಿಟಕಿಯ ವಿನ್ಯಾಸದ ಅರ್ಧದಷ್ಟು ರೋಗಗಳಿಗೆ ಈ ಒಂದು ಮಾತೇ ಔಷಧ.

ತರುಣನು ಈಗ ಕಾರಭಾರಿಯ ಮೊರೆ ಹೋಗುತ್ತಾನೆ. ಟಿಕೆಯಲ್ಲಿ ಇಬ್ಬರು ಮುಖ್ಯ ಕಾರಭಾರಿಗಳು. ಒಬ್ಬನ ಹೆಸರು ‘ಪ್ಯಾಕ್’. ಇವನು ಮಕ್ಕಳನ್ನು ಒಬ್ಬರ ಬದಿಗೆ ಒಬ್ಬರಂತೆ ಅಂಚಿಗೆ ಒತ್ತಿ ಕೂರಿಸುತ್ತಾನೆ. ಇನ್ನೊಬ್ಬನ ಹೆಸರು ‘ಗ್ರಿಡ್’. ಇವನು ಪಗಡೆಯ ಹಾಸಿನಂತೆ ಮನೆಗಳನ್ನು ಬರೆದು, ಇಷ್ಟನೆಯ ಅಡ್ಡಸಾಲು ಇಷ್ಟನೆಯ ಕಂಬಸಾಲು ಎಂದು ಹಂಚುತ್ತಾನೆ. ಇವರಿಬ್ಬರನ್ನು ನಂಬಿದ ಬಳಿಕ ಬರುವ ತೊಂದರೆಗಳು ಬೇರೆ ತರಹದವು. ಅವುಗಳಲ್ಲಿ ಬಹು ಸಾಮಾನ್ಯವಾದವು ಐದು.

ಮೊದಲನೆಯದು, ಹುಟ್ಟಿದ ಮಗು ಕಾಣಿಸದಿರುವುದು. ತರುಣನು ಒಂದು ಪೆಟ್ಟಿಗೆಯನ್ನು ನಿರ್ಮಿಸುತ್ತಾನೆ. ಯಂತ್ರವೂ ತಕರಾರು ಮಾಡುವುದಿಲ್ಲ. ಆದರೆ ಕಿಟಕಿಯಲ್ಲಿ ಅದರ ಸುಳಿವಿಲ್ಲ. ವಿಜೆಟ್‌ಗೆ ಜನ್ಮ ಕೊಡುವುದು ಒಂದು ಕೆಲಸ. ಅದನ್ನು ಕಾರಭಾರಿಯ ಕೈಗೆ ಒಪ್ಪಿಸುವುದು ಇನ್ನೊಂದು ಕೆಲಸ. ಎರಡನೆಯದನ್ನು ಮರೆತರೆ ಮಗು ಹುಟ್ಟಿಯೂ ಪಡಿತರ ಚೀಟಿಯಲ್ಲಿ ಹೆಸರಿಲ್ಲದಂತೆ ಆಗುತ್ತದೆ. ಅದಕ್ಕೆ ಪಾಲೂ ಇಲ್ಲ, ಸ್ಥಾನವೂ ಇಲ್ಲ. ಒಂದು ಸಾಲು ಸೇರಿಸಿದರೆ ಗುಣವಾಗುವ ರೋಗ ಇದು. ಆದರೂ ಹೊಸಬರ ಎಷ್ಟೋ ಸಂಜೆಗಳನ್ನು ನುಂಗುತ್ತದೆ.

ಎರಡನೆಯದು, ಕಿಟಕಿ ಸಣ್ಣದಾದಾಗ ಕೊನೆಯ ವಿಜೆಟ್ ಮಾಯವಾಗುವುದು. ಪ್ಯಾಕ್ ಎಂಬ ಕಾರಭಾರಿ ಬಲು ನಿಯಮದವನು. ಯಾರು ಮೊದಲು ಬಂದರೋ ಅವರಿಗೆ ಮೊದಲು ಬಡಿಸುತ್ತಾನೆ. ಉಳಿದ ಸ್ಥಳದಲ್ಲಿ ಮುಂದಿನವರಿಗೆ. ಕಿಟಕಿ ಕುಗ್ಗಿದರೆ ಕೊನೆಯ ಪಂಕ್ತಿಯವರ ಪಾಲಿಗೆ ಹೋಳಿಗೆ ಮುಗಿದುಹೋಗಿರುತ್ತದೆ. ತರುಣನು ಮೊದಲು ಸದಸ್ಯರ ದೊಡ್ಡ ಪಟ್ಟಿಯನ್ನು ಕೂರಿಸಿ, ಎಲ್ಲ ಮುಗಿದ ಮೇಲೆ ಕೆಳಗೆ ಉಳಿಸುವ ಗುಂಡಿಯನ್ನು ಇಟ್ಟಿದ್ದರೆ, ಸಣ್ಣ ಪರದೆಯಲ್ಲಿ ಉಪವಾಸ ಬೀಳುವುದು ಆ ಗುಂಡಿಯೇ. ಇದಕ್ಕೆ ಪರಿಹಾರ ಸುಲಭ. ಅವಶ್ಯವಾಗಿ ಕಾಣಲೇಬೇಕಾದ ಗುಂಡಿಯನ್ನು ಕೆಳಗಿನ ಅಂಚಿಗೆ ಎಂದು ಹೇಳಿ ಮೊದಲೇ ಕೂರಿಸುವುದು; ಕುಗ್ಗಿದರೂ ತೊಂದರೆಯಿಲ್ಲದ ಪಟ್ಟಿಯನ್ನು ಕೊನೆಗೆ ಇಡುವುದು. ಸ್ಥಳ ಸಾಲದಾದಾಗ ಯಾರು ಸಹಿಸಿಕೊಳ್ಳಬಲ್ಲರು ಎಂಬುದನ್ನು ಮೊದಲೇ ಯೋಚಿಸುವುದು ಮನೆಯಲ್ಲಿಯೂ ಜಾಣತನವೇ.

ಮೂರನೆಯದು ಇದಕ್ಕೆ ವಿರುದ್ಧವಾದುದು. ಕಿಟಕಿಯನ್ನು ದೊಡ್ಡದು ಮಾಡಿದರೂ ಒಳಗಿನ ವಸ್ತುಗಳು ಮೂಲೆಯಲ್ಲಿ ಮುದುಡಿಕೊಂಡೇ ಇರುತ್ತವೆ. ಸುತ್ತಲೂ ಬರಿದಾದ ಬೂದು ಬಯಲು. ಇದರ ಗುಟ್ಟು ತಿಳಿಯಬೇಕಾದರೆ ಸ್ಥಳ ಹಂಚಿಕೆಯ ಕ್ರಮವನ್ನು ಅರಿಯಬೇಕು. ಮೊದಲು ಬೇಡಿಕೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಪ್ರತಿಯೊಂದು ಮಗುವೂ ‘ನನಗೆ ಇಷ್ಟು ಅಗಲ, ಇಷ್ಟು ಎತ್ತರ ಬೇಕು’ ಎಂದು ತಾಯಿಗೆ ಹೇಳುತ್ತದೆ. ತಾಯಿ ಎಲ್ಲ ಮಕ್ಕಳ ಬೇಡಿಕೆಯನ್ನು ಕೂಡಿಸಿ ಅಜ್ಜಿಗೆ ಹೇಳುತ್ತದೆ. ಬಳಿಕ ಹಂಚಿಕೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಬೇಡಿಕೆಗಿಂತ ಹೆಚ್ಚು ಸ್ಥಳ ಉಳಿದಾಗ ಅದು ಯಾರಿಗೆ ಸೇರಬೇಕೆಂದು ಕಾರಭಾರಿಗೆ ಹೇಳದಿದ್ದರೆ ಅವನು ಯಾರಿಗೂ ಕೊಡುವುದಿಲ್ಲ. ಗ್ರಿಡ್‌ನಲ್ಲಿ ಪ್ರತಿ ಸಾಲಿಗೂ ಒಂದು ‘ತೂಕ’ ಉಂಟು. ಹೇಳದಿದ್ದರೆ ಅದು ಸೊನ್ನೆ. ಸೊನ್ನೆ ತೂಕದವನಿಗೆ ಹೆಚ್ಚುವರಿಯಲ್ಲಿ ಪಾಲು ಸೊನ್ನೆ. ಪಟ್ಟಿ ಇರುವ ಸಾಲಿಗೆ ಒಂದು ತೂಕ ಕೊಟ್ಟರೆ ಸ್ಥಳ ದೊರೆಯುತ್ತದೆ.

ಆದರೂ ಪಟ್ಟಿ ಹಿಗ್ಗಲಿಲ್ಲ ಎಂದು ತರುಣನು ಹಣೆ ಚಚ್ಚಿಕೊಳ್ಳಬಹುದು. ಸ್ಥಳ ದೊರೆಯುವುದೇ ಬೇರೆ, ಅದನ್ನು ತುಂಬಿಕೊಳ್ಳುವುದೇ ಬೇರೆ. ಹೊಲ ಪಾಲಿಗೆ ಬಂದರೂ ಉಳದೆ ಬಿಟ್ಟರೆ ಬೀಳುಭೂಮಿಯಾಗಿಯೇ ಉಳಿಯುತ್ತದಲ್ಲವೆ? ನಾಲ್ಕೂ ಬದುವಿನವರೆಗೆ ಚಾಚಿಕೊಳ್ಳಬೇಕೆಂದು ವಿಜೆಟ್‌ಗೆ ಪ್ರತ್ಯೇಕವಾಗಿ ಹೇಳಬೇಕು. ಗ್ರಿಡ್‌ನಲ್ಲಿ ಅದಕ್ಕೆ ‘ಸ್ಟಿಕಿ’ ಎನ್ನುತ್ತಾರೆ. ಪ್ಯಾಕ್‌ನಲ್ಲಿಯೂ ಹೀಗೆಯೇ ‘ಎಕ್ಸ್‌ಪಾಂಡ್’ ಹೊಲವನ್ನು ಕೊಡುತ್ತದೆ, ‘ಫಿಲ್’ ಅದನ್ನು ಉಳುತ್ತದೆ. ಇಷ್ಟೆಲ್ಲ ಮಾಡಿದರೂ ಗುಣ ಕಾಣದಿದ್ದರೆ ಒಂದು ತಲೆಮಾರು ಮೇಲಕ್ಕೆ ಹೋಗಿ ನೋಡಬೇಕು. ಮಗುವಿಗೆ ತಾಯಿ ಧಾರಾಳವಾಗಿ ಕೊಡಲು ಸಿದ್ಧಳಿದ್ದರೂ ತಾಯಿಗೇ ಅಜ್ಜಿ ಕೊಡದಿದ್ದರೆ ಅವಳು ಎಲ್ಲಿಂದ ತಂದಾಳು? ತೂಕದ ಮಾತು ಅಜ್ಜಿಯಿಂದ ಮಗುವಿನವರೆಗೆ ಪ್ರತಿ ತಲೆಮಾರಿನಲ್ಲಿಯೂ ಕಡಿಯದೆ ಬರಬೇಕು.

ನಾಲ್ಕನೆಯದು ಎಲ್ಲಕ್ಕಿಂತ ವಿಚಿತ್ರವಾದುದು. ಒಂದೇ ಚೌಕಟ್ಟಿನಲ್ಲಿ ಕೆಲವು ಮಕ್ಕಳನ್ನು ಪ್ಯಾಕ್‌ಗೂ ಕೆಲವನ್ನು ಗ್ರಿಡ್‌ಗೂ ಒಪ್ಪಿಸಿದರೆ ಏನಾದೀತು? ಹಳೆಯ ಟಿಕೆಯಲ್ಲಿ ಕಿಟಕಿ ತೆರೆಯದೆ ಯಂತ್ರ ಸ್ತಬ್ಧವಾಗಿಬಿಡುತ್ತಿತ್ತು. ಒಬ್ಬ ಕಾರಭಾರಿ ಮಾಡಿದ ಹಂಚಿಕೆಯನ್ನು ನೋಡಿ ಇನ್ನೊಬ್ಬನು ತನ್ನ ಮಕ್ಕಳಿಗಾಗಿ ಚೌಕಟ್ಟಿನ ಅಳತೆಯನ್ನು ತಿದ್ದುವನು. ಆ ತಿದ್ದುಪಡಿಯನ್ನು ಕಂಡು ಮೊದಲನೆಯವನು ಮತ್ತೆ ತಿದ್ದುವನು. ಈ ವಾದ ಮುಗಿಯುವಂತಿಲ್ಲ. 2012ರ ಕೊನೆಯಲ್ಲಿ ಬಂದ 8.6ನೆಯ ಆವೃತ್ತಿಯಿಂದೀಚೆಗೆ ಟಿಕೆಯು ಇಂಥ ಜಗಳಕ್ಕೆ ಅವಕಾಶವನ್ನೇ ಕೊಡದೆ, ‘ಈ ಮನೆಗೆ ಈಗಾಗಲೇ ಒಬ್ಬ ಕಾರಭಾರಿ ಇದ್ದಾನೆ’ ಎಂಬ ಅರ್ಥದ ದೋಷಸೂಚನೆ ಕೊಟ್ಟು ನಿಲ್ಲುತ್ತದೆ. ಇಬ್ಬರೂ ಬೇಕೇ ಬೇಕಾದರೆ ಎರಡು ಚೌಕಟ್ಟು ಮಾಡಿ ಒಬ್ಬೊಬ್ಬನಿಗೆ ಒಂದೊಂದನ್ನು ವಹಿಸಬೇಕು. ಒಂದು ಒಲೆಗೆ ಇಬ್ಬರು ಯಜಮಾನಿಯರು ಕೂಡದು ಎಂಬ ತತ್ವವನ್ನು ಬರ್ಕ್ಲಿಯ ಸಲಕರಣೆಯೂ ಕಡೆಗೆ ಒಪ್ಪಿಕೊಂಡಂತಾಯಿತು.

ಇನ್ನು ಐದನೆಯದು. ಉಳಿದ ನಾಲ್ಕು ಎಲ್ಲ ದೇಶದವರನ್ನೂ ಕಾಡುವ ತೊಂದರೆಗಳು; ಇದು ಕನ್ನಡಿಗರನ್ನು ವಿಶೇಷವಾಗಿ ಕಾಡುವಂಥದು. ತರುಣನು ಸದಸ್ಯರ ಹೆಸರುಗಳನ್ನು ಪಟ್ಟಿಯಲ್ಲಿ ತುಂಬಿ, ಹಿರಿಯರಿಗೆ ಓದಲು ಅನುಕೂಲವಾಗಲೆಂದು ಅಕ್ಷರವನ್ನು ತುಸು ದೊಡ್ಡದು ಮಾಡಿ, ಸಂಘದ ಕಾರ್ಯದರ್ಶಿಗಳ ಮುಂದೆ ಇಡುತ್ತಾನೆ. ಆಗ ಇಬ್ಬರ ನಡುವೆ ನಡೆಯಬಹುದಾದ ಮಾತು ಹೀಗಿದ್ದೀತು:

“ಏನೋ ತಮ್ಮಾ, ನಾವು ಬರಿಸಿದ್ದು ಬಸವ್ವ ಅಂತ. ಇಲ್ಲಿ ನೋಡಿದ್ರ ಬಸವ ಆಗಿ ಕುಂತಾಳಲ್ಲೋ!”

“ಇಲ್ರೀ ಕಾಕಾ, ಒಳಗ ಹೆಸರು ಬರೋಬ್ಬರಿ ಐತ್ರೀ. ಹೊರಗ ಅಷ್ಟ ಕಾಣವಲ್ದು.”

“ಒಳಗಿಂದು ಯಾರಿಗೆ ಕಾಣತೈತೋ? ಕಣ್ಣಿಗೆ ಕಂಡದ್ದನ್ನ ನಾವು ಬರಕೋತೀವಿ.”

ಹಿರಿಯರ ಮಾತಿನಲ್ಲಿ ಇಡೀ ಸಮಸ್ಯೆ ಅಡಗಿದೆ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ‘ರಾಷ್ಟ್ರ’ ಎನ್ನುವಲ್ಲಿ ಒಂದಲ್ಲ, ಎರಡು ಒತ್ತುಗಳು. ಟಿಕೆಯ ಪಟ್ಟಿಯಲ್ಲಿಯಾದರೋ, 8.6ನೆಯ ಆವೃತ್ತಿಯಲ್ಲಿ, ಪ್ರತಿ ಸಾಲಿನ ಎತ್ತರ ತಾನಾಗಿ 20 ಪಿಕ್ಸೆಲ್ ಎಂದು ನಿಗದಿಯಾಗಿರುತ್ತದೆ. ಅಕ್ಷರ ದೊಡ್ಡದಾದರೂ ಸಾಲು ಎತ್ತರವಾಗುವುದಿಲ್ಲ. ಇಂಗ್ಲಿಷಿನ ಅಕ್ಷರಗಳಾಗಿದ್ದರೆ ತುಸು ಇಕ್ಕಟ್ಟಾದರೂ ಓದಬಹುದಿತ್ತು. ಕನ್ನಡಕ್ಕೆ ಕಾಲೇ ಕತ್ತರಿಸಿದಂತೆ ಆಗುತ್ತದೆ. ಬಸವ್ವ ಬಸವನಾಗುತ್ತಾಳೆ, ಹೆಣ್ಣು ಗಂಡಾಗುತ್ತದೆ. ಬೆಣ್ಣೆಹಳ್ಳ ‘ಬೆಣೆಹಳ’ವಾಗುತ್ತದೆ, ತುಪ್ಪರಿಹಳ್ಳ ‘ತುಪರಿಹಳ’ವಾಗುತ್ತದೆ. ಮಳೆಗಾಲದಲ್ಲಿ ದಂಡೆ ಮೀರಿ ಹೊಲಗಳನ್ನು ಮುಳುಗಿಸುವ ಆ ಹಳ್ಳಗಳು ಇಪ್ಪತ್ತು ಪಿಕ್ಸೆಲಿನ ಕಾಲುವೆಯಲ್ಲಿ ಹಿಡಿಸದೆ ಹೋಗುವುದು ಆಶ್ಚರ್ಯವೇನೂ ಅಲ್ಲ. ಧಾರವಾಡದ ಕಡೆ ಹೆಸರಿನ ತುದಿಗೆ ‘ಅಪ್ಪ’ನೂ ‘ಅವ್ವ’ಳೂ ಇರುವ ಮನೆಗಳೇ ಹೆಚ್ಚು. ಆದುದರಿಂದ ಇದು ಅಪರೂಪಕ್ಕೆ ಆಗುವ ಪ್ರಮಾದವಲ್ಲ; ಪಟ್ಟಿಯ ಸಾಲು ಸಾಲಿಗೂ ಆಗುವಂಥದು.

ಎತ್ತರದಂತೆಯೇ ಅಗಲದ ಪ್ರಶ್ನೆ. ಬರೆಯುವ ಪೆಟ್ಟಿಗೆಯ ಅಗಲವನ್ನು ಟಿಕೆಯಲ್ಲಿ ಅಕ್ಷರಗಳ ಲೆಕ್ಕದಲ್ಲಿ ಹೇಳುತ್ತಾರೆ, ಹೇಳದಿದ್ದರೆ 20. ಇಪ್ಪತ್ತು ಎಂದರೆ ಇಪ್ಪತ್ತು ಏನು? ಇಂಗ್ಲಿಷ್ ಸೊನ್ನೆಯ ಅಗಲದ ಇಪ್ಪತ್ತು ಪಟ್ಟು! ಸೊನ್ನೆಯನ್ನು ಅಳತೆಗೋಲಾಗಿ ಹಿಡಿದು ‘ವೀರಭದ್ರಪ್ಪ’ನನ್ನು ಅಳೆಯಲು ಹೊರಟರೆ ಆಗುವ ಗತಿಯೇ ಇಲ್ಲಿಯೂ ಆಗುತ್ತದೆ. ಅಕ್ಷರಗಳನ್ನು ಎಣಿಸಿ ಅಗಲ ಕೊಟ್ಟರಾಯಿತು ಎಂದರೆ ಅದೂ ನಡೆಯದು. ಯೂನಿಕೋಡ್ ಎಂಬ ಜಾಗತಿಕ ಅಕ್ಷರಸೂಚಿಯು 1991ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳನ್ನು ಕಾದಿರಿಸಿತು. ಅದರಲ್ಲಿ ಕಾಗುಣಿತದ ಚಿಹ್ನೆಗೂ ಒಂದು ಸ್ಥಾನ, ವ್ಯಂಜನಕ್ಕೂ ಒಂದು ಸ್ಥಾನ, ಒತ್ತನ್ನು ತರುವ ಅರ್ಧಾಕ್ಷರದ ಗುರುತಿಗೂ ಒಂದು ಸ್ಥಾನ. ಹೀಗಾಗಿ ‘ಅಣ್ಣಿಗೇರಿ’ ಕಣ್ಣಿಗೆ 4 ಅಕ್ಷರ, ಯಂತ್ರಕ್ಕೆ 9 ಸಂಕೇತ. ‘ಕಲಘಟಗಿ’ ಕಣ್ಣಿಗೆ 5 ಅಕ್ಷರ, ಯಂತ್ರಕ್ಕೆ 6 ಸಂಕೇತ. ಎಣಿಕೆಯಲ್ಲಿ ಒಂದು ಊರು ಇನ್ನೊಂದರ ಒಂದೂವರೆ ಪಟ್ಟು; ಬರೆದು ನೋಡಿದರೆ ಅಂಥ ಅಂತರವೇನೂ ಇಲ್ಲ. ಕನ್ನಡವನ್ನು ಎಣಿಸಬಾರದು, ಅಳೆಯಬೇಕು. ಅಕ್ಷರದ ಅಚ್ಚನ್ನೇ ಕೇಳಿ ‘ಈ ಹೆಸರಿಗೆ ಎಷ್ಟು ಅಗಲ ಬೇಕು, ಒಂದು ಸಾಲಿಗೆ ಎಷ್ಟು ಎತ್ತರ ಬೇಕು’ ಎಂದು ತಿಳಿದುಕೊಳ್ಳುವ ಆಜ್ಞೆಗಳು ಟಿಕೆಯಲ್ಲಿ ಉಂಟು. ಆ ಉತ್ತರವನ್ನೇ ಪಟ್ಟಿಯ ಸಾಲಿಗೆ ಎತ್ತರವಾಗಿ ಕೊಟ್ಟರೆ ಬಸವ್ವನಿಗೆ ಅವಳ ಒತ್ತು ಮರಳಿ ದೊರೆಯುತ್ತದೆ.

ಗುಂಡಿಗಳ ಮೇಲಿನ ಮಾತಿಗೂ ಇದೇ ನ್ಯಾಯ. ಇಂಗ್ಲಿಷಿನಲ್ಲಿ ‘ಓಕೆ’ ಎಂಬಷ್ಟು ಸ್ಥಳದಲ್ಲಿ ‘ಸರಿ’ ಹಿಡಿಸೀತು. ಆದರೆ ‘ಸೇವ್’ ಎಂಬುದಕ್ಕೆ ಕತ್ತರಿಸಿದ ಗುಂಡಿಯಲ್ಲಿ ‘ಬದಲಾವಣೆಗಳನ್ನು ಉಳಿಸಿ’ ಹಿಡಿಸಲಾರದು. ಹತ್ತು ಅಕ್ಷರದೊಳಗಿನ ಇಂಗ್ಲಿಷ್ ಮಾತು ಬೇರೆ ಭಾಷೆಗೆ ಹೋದಾಗ ಎರಡು ಮೂರು ಪಟ್ಟು ಬೆಳೆಯಬಹುದೆಂದು ಐ.ಬಿ.ಎಂ. ಸಂಸ್ಥೆಯು ತನ್ನ ಮಾರ್ಗದರ್ಶಿಯಲ್ಲಿ ಹಿಂದೆಯೇ ಎಚ್ಚರಿಸಿತ್ತು. ಒಬ್ಬರ ಮೈಗೆ ಹೊಲಿದ ಅಂಗಿಯನ್ನು ಇನ್ನೊಬ್ಬರಿಗೆ ತೊಡಿಸಿ, ಬಿಗಿಯಾದುದಕ್ಕೆ ಮೈಯನ್ನು ದೂರುವುದು ಸರಿಯಲ್ಲ. ಕನ್ನಡದ ಮಾತು ಉದ್ದವಾಯಿತೆಂದು ಅದನ್ನು ಮೊಟಕುಮಾಡುವ ಬದಲು, ಮಾತು ಬೆಳೆದಂತೆ ಗುಂಡಿಯೂ ಬೆಳೆಯುವಂತೆ ಬಿಡುವುದು ಲೇಸು. ಗುಂಡಿಗೆ ನಿಗದಿಯಾದ ಅಗಲವನ್ನು ಹೇಳದೆ ಬಿಟ್ಟರೆ ಸಾಕು. ಅದು ತನ್ನ ಮಾತಿಗೆ ಬೇಕಾದಷ್ಟನ್ನು ತಾನೇ ಕೇಳಿಕೊಳ್ಳುತ್ತದೆ.

ರೋಗಗಳ ವಿಚಾರವಾಯಿತು, ನಾಡಿ ಹಿಡಿಯುವ ಬಗೆಯನ್ನೂ ಹೇಳಬೇಕು. ಕಿಟಕಿಯಲ್ಲಿ ಏನೋ ಸರಿಯಿಲ್ಲ ಎಂದಾಗ ಹೊಸಬರು ಮಾಡುವ ಮೊದಲ ಕೆಲಸ ಎಂದರೆ ತೊಂದರೆ ಕಂಡ ವಿಜೆಟ್‌ನ ಅಳತೆಯನ್ನೇ ಹಿಂಜುವುದು. 20ಕ್ಕೆ 25, 25ಕ್ಕೆ 30. ಇದು ಜ್ವರ ಬಂದವನ ಹಣೆಗೆ ಒದ್ದೆ ಬಟ್ಟೆ ಹಾಕಿದಂತೆ, ತಂಪು ತಾತ್ಕಾಲಿಕ. ಅನುಭವಸ್ಥರು ಮಾಡುವುದು ಬೇರೆ. ಅವರು ಮೊದಲು ಪ್ರತಿ ಚೌಕಟ್ಟಿಗೂ ಒಂದೊಂದು ಗಾಢವಾದ ಬಣ್ಣ ಬಳಿಯುತ್ತಾರೆ, ಒಂದಕ್ಕೆ ಕೆಂಪು, ಒಂದಕ್ಕೆ ಹಸಿರು, ಒಂದಕ್ಕೆ ಹಳದಿ. ಅಲ್ಲಿಯವರೆಗೆ ಎಲ್ಲವೂ ಒಂದೇ ಬೂದು ಬಣ್ಣವಾಗಿದ್ದುದರಿಂದ ಯಾರ ಹೊಲ ಎಲ್ಲಿಗೆ ಮುಗಿಯಿತು ಎಂದು ತಿಳಿಯುತ್ತಿರಲಿಲ್ಲ. ಬಣ್ಣ ಬಿದ್ದ ಕೂಡಲೇ ಬದುಗಳು ಎದ್ದು ಕಾಣುತ್ತವೆ. ಹಸಿರು ಚೌಕಟ್ಟು ಹಿಗ್ಗಿದೆ, ಅದರೊಳಗಿನ ಪಟ್ಟಿ ಹಿಗ್ಗಿಲ್ಲ ಎಂದು ಕಂಡರೆ ದೋಷ ಆ ಚೌಕಟ್ಟಿನ ಹಂಚಿಕೆಯಲ್ಲಿ. ಹಸಿರೇ ಹಿಗ್ಗಿಲ್ಲ ಎಂದರೆ ದೋಷ ಇನ್ನೂ ಮೇಲಿನದು.

ಎರಡನೆಯ ಉಪಾಯ, ಎರಡು ಸಂಖ್ಯೆಗಳನ್ನು ಕೇಳುವುದು. ವಿಜೆಟ್ ಬೇಡಿದುದೆಷ್ಟು? ಅದಕ್ಕೆ ದೊರೆತುದೆಷ್ಟು? ಎರಡನ್ನೂ ಹೇಳುವ ಆಜ್ಞೆಗಳು ಇವೆ. ಬೇಡಿದುದೇ ಕಡಮೆಯಾಗಿದ್ದರೆ ವಿಜೆಟ್‌ನೊಳಗೆ ಹುಡುಕಬೇಕು; ಯಾರೋ ಅದಕ್ಕೆ ನಿಗದಿಯಾದ ಅಳತೆಯನ್ನು ಕಟ್ಟಿಟ್ಟಿರುತ್ತಾರೆ. ಬೇಡಿದುದು ಹೆಚ್ಚಾಗಿದ್ದು ದೊರೆತುದು ಕಡಮೆಯಾಗಿದ್ದರೆ ಮಗುವಿನ ತಪ್ಪಿಲ್ಲ. ತಾಯಿಯನ್ನು, ಬೇಕಾದರೆ ಅಜ್ಜಿಯನ್ನು ವಿಚಾರಿಸಬೇಕು. ಇಲ್ಲಿ ಒಂದು ಎಚ್ಚರಿಕೆ ಉಂಟು. ಕಿಟಕಿ ಪರದೆಯ ಮೇಲೆ ಮೂಡುವ ಮೊದಲೇ ದೊರೆತುದೆಷ್ಟು ಎಂದು ಕೇಳಿದರೆ ಟಿಕೆಯು 1 ಎಂದು ಉತ್ತರಿಸುತ್ತದೆ. ಅಡಿಗೆ ಮುಗಿಯುವ ಮೊದಲೇ ರುಚಿ ಕೇಳಿದಂತೆ ಅದು. ಬಾಕಿ ಕೆಲಸವನ್ನು ಮುಗಿಸೆಂದು ಕಿಟಕಿಗೆ ಹೇಳಿ, ಆಮೇಲೆ ಕೇಳಬೇಕು.

ಈ ನ್ಯಾಯ ಟಿಕೆಗೆ ಮಾತ್ರ ಸಂಬಂಧಿಸಿದುದಲ್ಲ. ನಾರ್ವೆ ದೇಶದಲ್ಲಿ ಹುಟ್ಟಿ 1995ರಲ್ಲಿ ಹೊರಬಂದ ‘ಕ್ಯೂಟಿ’ಯಲ್ಲಿಯೂ ವಿಜೆಟ್ ತನಗೆ ಬೇಕಾದ ಅಳತೆಯನ್ನು ಸೂಚಿಸುತ್ತದೆ, ಹಿಗ್ಗುವ ಕುಗ್ಗುವ ಇಷ್ಟವನ್ನು ತಿಳಿಸುತ್ತದೆ, ಹಂಚುವವನು ಕಾರಭಾರಿಯೇ. ಲಿನಕ್ಸ್ ಬಳಸುವವರಿಗೆ ಪರಿಚಿತವಾದ ‘ಜಿಟಿಕೆ’ಯೊಳಗೆ 2014ರಿಂದ ಒಂದು ತಪಾಸಣೆಯ ಸಾಧನವನ್ನೇ ಸೇರಿಸಿದ್ದಾರೆ, ನಡೆಯುತ್ತಿರುವ ಕಿಟಕಿಯನ್ನು ಹಾಗೆಯೇ ಇಟ್ಟುಕೊಂಡು ಅದರ ವಂಶವೃಕ್ಷವನ್ನು ಅಜ್ಜಿಯಿಂದ ಮರಿಮಗುವಿನವರೆಗೆ ಬಿಚ್ಚಿ ನೋಡಬಹುದು. ಸಲಕರಣೆಗಳ ಹೆಸರು ಬೇರೆ ಬೇರೆ. ಸಂಸಾರದ ನಿಯಮ ಒಂದೇ. ತೊಂದರೆ ಮಗುವಿನ ಮುಖದಲ್ಲಿ ಕಾಣುತ್ತದೆ, ಕಾರಣ ಮಾತ್ರ ಬಹುಮಟ್ಟಿಗೆ ಮನೆಯಲ್ಲಿರುತ್ತದೆ.

ಕಡೆಯದಾಗಿ ಪರೀಕ್ಷೆಯ ಮಾತು. ಕಿಟಕಿಯನ್ನು ಬರೆದವರು ಅದನ್ನು ಪರೀಕ್ಷಿಸುವಾಗ ‘ರಾಮ’ ಎಂದೋ ‘ಸೀತಾ’ ಎಂದೋ ಪುಟ್ಟ ಹೆಸರನ್ನು ಹಾಕಿ, ಸರಿಯಾಗಿದೆ ಎಂದು ತೃಪ್ತಿಪಡುತ್ತಾರೆ. ಅಂಥ ಹೆಸರಿಗೆ ಯಾವ ಮನೆಯಲ್ಲಿಯಾದರೂ ಸ್ಥಳ ಸಿಕ್ಕೀತು. ಪರೀಕ್ಷೆಗೆ ಹಾಕಬೇಕಾದುದು ಊರಿನಲ್ಲಿ ಅತ್ಯಂತ ಉದ್ದವಾದ ಹೆಸರನ್ನು, ಹೆಚ್ಚು ಒತ್ತುಗಳಿರುವ ಹೆಸರನ್ನು, ‘145/2ಅ’ ಎಂಬಂಥ ಬಾಲವುಳ್ಳ ಸರ್ವೆ ನಂಬರನ್ನು. ಆ ನಂಬರಿನ ಬಾಲವೊಂದು ಪೆಟ್ಟಿಗೆಯಲ್ಲಿ ಮರೆಯಾಗಿ ‘145/2’ ಎಂದಷ್ಟೇ ಕಂಡರೆ ಅದು ಅಣ್ಣನ ಹೊಲವೋ ತಮ್ಮನ ಹೊಲವೋ ಎಂದು ಓದುವವರಿಗೆ ಹೇಗೆ ತಿಳಿಯಬೇಕು? ಸಂಘದ ಅತಿ ಸಣ್ಣ ಪರದೆಯ ಮೇಲೆ, ಹಿರಿಯರ ಕಣ್ಣಿಗೆ ಬೇಕಾಗುವ ಅತಿ ದೊಡ್ಡ ಅಕ್ಷರದಲ್ಲಿ ಎಲ್ಲವೂ ಪೂರ್ಣವಾಗಿ ಕಂಡರೆ, ಉಳಿದೆಡೆ ಕಾಣುವುದರಲ್ಲಿ ಸಂದೇಹವಿಲ್ಲ.

ಈ ದೋಷಗಳ ಅಪಾಯವಿರುವುದು ಅವುಗಳ ಮೌನದಲ್ಲಿ. ಲೆಕ್ಕ ತಪ್ಪಿದರೆ ಯಂತ್ರ ಒಮ್ಮೊಮ್ಮೆ ಕೂಗಿ ಹೇಳುತ್ತದೆ. ಹೆಸರು ಮರೆಯಾದರೆ ಹೇಳುವುದಿಲ್ಲ. ಯಂತ್ರದ ಹೊಟ್ಟೆಯಲ್ಲಿ ಹೆಸರು ಪೂರ್ಣವಾಗಿಯೇ ಇರುವುದರಿಂದ ಕಡತವನ್ನು ತೆರೆದು ನೋಡಿದವರಿಗೂ ತಪ್ಪು ಸಿಗದು. ಆದರೆ ಪರದೆಯನ್ನು ನೋಡಿ ಬರೆದ ಕಾಗದ ಒಂದು ಹೇಳುತ್ತದೆ, ಗುರುತಿನ ಚೀಟಿ ಇನ್ನೊಂದು ಹೇಳುತ್ತದೆ. ನಡುವೆ ಸಿಕ್ಕಿದ ಹೆಣ್ಣುಮಗಳು ತಾನು ತಾನೇ ಎಂದು ಸಿದ್ಧಮಾಡಲು ಬಸ್ಸು ಹತ್ತಬೇಕಾಗುತ್ತದೆ. ಬಸವ್ವ ಎಂಬ ಹೆಸರಿನ ಕೆಳಗಿನ ಆ ಪುಟ್ಟ ಒತ್ತಿಗೆ ಬೇಕಾದುದು ಏಳೆಂಟು ಪಿಕ್ಸೆಲ್‌ಗಳ ಸ್ಥಳ, ಅಷ್ಟೆ. ಅಷ್ಟನ್ನು ಮೊದಲೇ ಬಿಟ್ಟುಕೊಟ್ಟ ತರುಣನು ಅವಳಿಗೆ ತಾಲ್ಲೂಕು ಕಚೇರಿಯ ಎಷ್ಟು ಅಲೆದಾಟಗಳನ್ನು ಉಳಿಸಿದನೆಂಬುದು ಅವಳಿಗೆ ಎಂದಿಗೂ ಗೊತ್ತಾಗಲಾರದು. ಒಳ್ಳೆಯ ಜೋಡಣೆಯ ಲಕ್ಷಣವೂ ಅದೇ.